ಕಟ್ಟಿದ ಹಣಕ್ಕೆ ರಸೀದಿ

ಭದ್ರಾವತಿ ಕಡೆಯ ಹಿರಿಯರೊಬ್ಬರು ಬಂದು, "ಕಂದಾಯ ಕಟ್ಟಿದೀನಿ ಸ್ವಾಮಿ, ಆದರೂ ಬಾಕಿ ಅಂತಾರಲ್ಲ!" ಎಂದರು. "ರಸೀದಿ ಎಲ್ಲಿ ಯಜಮಾನರೇ?" ಎಂದೆ. ಇರಲಿಲ್ಲ. ಎರಡನೇ ಸಲ ಕಟ್ಟಬೇಕಾಯಿತು.

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ, ನೀವು ಕಟ್ಟಿದ ಸರ್ಕಾರಿ ಹಣ ಕಚೇರಿಯ ಪೆಟ್ಟಿಗೆಯಲ್ಲಿ ಉಳಿಯತಕ್ಕದ್ದಲ್ಲ. ರಸೀದಿ ಕೊಟ್ಟು, ನಗದು ಪುಸ್ತಕದಲ್ಲಿ ಬರೆದು, ತಡಮಾಡದೆ ಚಲನ್ ಮೂಲಕ ಖಜಾನೆಗೆ ಜಮಾ ಮಾಡಬೇಕು. ಅದರಲ್ಲೇ ಕಚೇರಿ ಖರ್ಚು ನಡೆಸುವಂತಿಲ್ಲ. ಆ ಹಣ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಕಾನೂನಿನ ಒಪ್ಪಿಗೆಯಿಲ್ಲದೆ ಅಲ್ಲಿಂದ ಒಂದು ಕಾಸೂ ತೆಗೆಯುವಂತಿಲ್ಲ.

ಲೆಕ್ಕ ತಪಾಸಣೆಯವರು ರಸೀದಿ, ಚಲನ್ ಎರಡನ್ನೂ ತಾಳೆ ನೋಡುತ್ತಾರೆ. ರಸೀದಿಯನ್ನೇ ಬರೆಯದಿದ್ದರೆ ಅವರು ತಾಳೆ ನೋಡುವುದಾದರೂ ಏನನ್ನು?

ಹೆಸರು, ಸರ್ವೆ ನಂಬರು, ವರ್ಷ, ಮೊತ್ತ ಓದಿಸಿ ನೋಡಿ. ರಸೀದಿಯನ್ನು ಪಹಣಿ ಜೊತೆ ಜೋಪಾನವಾಗಿಡಿ. ಅನುಮಾನವಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಆ ಹತ್ತು ರೂಪಾಯಿಗೂ ರಸೀದಿ ಕೇಳಿ.