ಬೂದಿ ಮುಚ್ಚಿದ ಕೆಂಡ

1999ರಲ್ಲಿ ಕೊಂಡ ನಮ್ಮ ಮನೆಯ ಗಾಜಿನ ಕಂಪ್ಯೂಟರ್ ಮಾನಿಟರು ಕಳೆದ ತಿಂಗಳು ಕೆಟ್ಟಿತು. ಪರದೆಯ ನಡುವೆ ಅಡ್ಡಲಾಗಿ ಒಂದೇ ಬಿಳಿಯ ಗೆರೆ. ಮೇಲೂ ಕೆಳಗೂ ಕತ್ತಲೆ. ಮಗಳು ಕನ್ನಡ ಬೆರಳಚ್ಚು ಕಲಿತದ್ದು ಅದರ ಮುಂದೆಯೇ. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಪ್ಲಗ್ಗನ್ನು ಕಿತ್ತು, ಹಿಂಬದಿಯ ಮುಚ್ಚಳ ಬಿಚ್ಚಿ, ಇನ್ನೇನು ಕೈಯಿಡಬೇಕು, ಎದುರುಮನೆಯ ರೇಡಿಯೋ ರಿಪೇರಿಯವರು ಬಾಗಿಲಲ್ಲೇ ಕೂಗಿದರು: “ಮೇಷ್ಟ್ರೇ, ಕೈ ತೆಗೀರಿ!”

ಕಾರಣವನ್ನು ಆಮೇಲೆ ಹೇಳಿದರು. 1897ರಲ್ಲಿ ಜರ್ಮನಿಯ ವಿಜ್ಞಾನಿ ಬ್ರೌನ್ ರಚಿಸಿದ ನಳಿಕೆಯೇ ಈ ಮಾನಿಟರಿನ ಮೂಲಪುರುಷ. ವರ್ಣಚಿತ್ರ ಮೂಡಲು ಅದಕ್ಕೆ ಸುಮಾರು 25,000 ವೋಲ್ಟು ಬೇಕು. ಪ್ಲಗ್ಗು ಕಿತ್ತ ಮೇಲೂ ಆ ಗಾಜು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟನ್ನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅದರ ಅರ್ಥ ತಿಳಿದದ್ದು ಅಂದು.

ಅವರು ನಳಿಕೆಯ ಹೊರಮೈಯ ಭೂಸಂಪರ್ಕದ ತಂತಿಗೆ ಮೊದಲು ತಿರುಪುಳಿಯನ್ನು ಜೋಡಿಸಿಕೊಂಡರು. ಒಂದು ಕೈಯನ್ನು ಬೆನ್ನ ಹಿಂದಿಟ್ಟು, ರಬ್ಬರಿನ ಟೊಪ್ಪಿಗೆಯಡಿ ಅದರ ತುದಿಯನ್ನು ತೂರಿಸಿದರು. ‘ಚಟ್’ ಎಂದಿತು. ವಿದ್ಯುತ್ತು ಮತ್ತೆ ತಲೆಯೆತ್ತುವುದುಂಟೆಂದು, ತುಸು ಕಾದು ಇನ್ನೊಮ್ಮೆ ಮುಟ್ಟಿಸಿದರು. ಭೂತಗನ್ನಡಿ ಹಿಡಿದು ನೋಡಿದರೆ, ಚಿತ್ರವನ್ನು ಮೇಲೆಕೆಳಗೆ ಹರಡುವ ಭಾಗದಲ್ಲಿ ಒಂದು ಬೆಸುಗೆ ವರುಷಗಳ ಕಾವಿಗೆ ಬಿರುಕುಬಿಟ್ಟಿತ್ತು. ಹೊಸ ಬೆಸುಗೆ ಹಾಕಿದೊಡನೆ ಪರದೆ ತುಂಬ ಬೆಳಗಿತು.

ಬೆಸುಗೆಗೆ ಹಿಡಿದದ್ದು ಎರಡೇ ನಿಮಿಷ; ಮಿಕ್ಕದ್ದೆಲ್ಲ ಎಚ್ಚರಿಕೆಗೆ. ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಮಾನಿಟರು ಇದ್ದರೆ, ಬಲ್ಲವರು ಬರುವ ತನಕ ಮುಚ್ಚಳ ಮುಚ್ಚಿಯೇ ಇರಲಿ.