ಕರುಳಿನ ಪ್ರತಿಧ್ವನಿ



ನಮ್ಮ ನುಡಿಯಲ್ಲಿ ಕರುಳೆಂಬುದು ಉಂಡ ಅನ್ನವನ್ನು ಅರಗಿಸುವ ನಾಳ ಮಾತ್ರವಲ್ಲ. ಮಗು ಅತ್ತಾಗ ಚುರುಕ್ಕೆನ್ನುವುದೂ ಅದೇ, ಪರರ ಸಂಕಟಕ್ಕೆ ಕರಗುವುದೂ ಅದೇ. ಇಷ್ಟು ಮಾತುಬಲ್ಲ ಕರುಳು ತನ್ನ ಸ್ವಂತ ವ್ಯಾಧಿಯ ವಿಷಯದಲ್ಲಿ ಬಹುಕಾಲ ವೈದ್ಯನೆದುರು ಮೌನವಾಗಿಯೇ ಉಳಿಯಿತು. ಆ ಮೌನವನ್ನು ಶಬ್ದವೇ ಮುರಿದ ಬಗೆಯನ್ನು, ಶಬ್ದವೊಂದನ್ನೇ ನೆಚ್ಚಿ ನಿಮ್ಮ ಮನೆಗಳಿಗೆ ಬರುವ ಈ ಮಾಧ್ಯಮದಲ್ಲಿ ನಿರೂಪಿಸುವುದು ಅನುಚಿತವಾಗಲಾರದು.

1913ರಲ್ಲಿ ಗ್ಲ್ಯಾಸ್ಗೋ ನಗರದ ವೆಸ್ಟರ್ನ್ ಇನ್‌ಫರ್ಮರಿಯ ಶಸ್ತ್ರವೈದ್ಯರಾದ ಕೆನೆಡಿ ಡಾಲ್ಜಿಯೆಲ್ ಅವರು, ಕ್ಷಯದಂತೆ ತೋರಿಯೂ ಕ್ಷಯವಲ್ಲದ, ದನಗಳಿಗೆ ತಗಲುವ ಜೋನ್ಸ್ ರೋಗವನ್ನು ಹೋಲುವ ಕರುಳಬೇನೆಯೊಂದನ್ನು ವರ್ಣಿಸುತ್ತ, ರೋಗಗ್ರಸ್ತ ಕರುಳನ್ನು ಸತ್ತು ಸೆಟೆದ ಹಾವುಮೀನಿಗೆ ಹೋಲಿಸಿದರು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ಅಂಥದೇ ವ್ಯಾಧಿಯನ್ನು ಪುನಃ ನಿರೂಪಿಸಲು, ಅಕ್ಷರಾನುಕ್ರಮದಲ್ಲಿ ಮೊದಲು ನಿಂತ ಹೆಸರೇ ಅದಕ್ಕೆ ಅಂಟಿಕೊಂಡಿತು. ಕೀರ್ತಿಯ ಹಂಚಿಕೆಯಲ್ಲಿ ವರ್ಣಮಾಲೆಗೂ ಪಾಲುಂಟು!

ಆದರೆ ಸೆಟೆದ ಆ ಕರುಳನ್ನು ಕಾಣಲು ಉದರವನ್ನು ಸೀಳದೆ ಗತಿಯಿರಲಿಲ್ಲ. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇ ಅದರ ನೆರಳನ್ನಷ್ಟೇ ತೋರಿಸುತ್ತಿತ್ತು. ವಿಧಿಯ ವಿನೋದವೆಂದರೆ, ಅದೇ ಗ್ಲ್ಯಾಸ್ಗೋದಲ್ಲಿ, ಅದೇ ವೆಸ್ಟರ್ನ್ ಇನ್‌ಫರ್ಮರಿಯಲ್ಲಿ, ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದ ಇಯಾನ್ ಡೊನಾಲ್ಡ್, ಉಕ್ಕಿನ ಬಿರುಕುಗಳನ್ನು ಪತ್ತೆಮಾಡಲೆಂದು ಕಾರ್ಖಾನೆಯವರು ಬಳಸುತ್ತಿದ್ದ ಶ್ರವಣಾತೀತ ತರಂಗಗಳ ಯಂತ್ರವನ್ನು 1955ರಲ್ಲಿ ಗಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿ, ಎಂಜಿನಿಯರ್ ಟಾಮ್ ಬ್ರೌನ್ ಅವರ ನೆರವಿನಿಂದ ಜೀವಂತ ಉದರದ ಚಿತ್ರಗಳನ್ನು ಪಡೆದು 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೂ ಶಬ್ದಕ್ಕೂ ಕರುಳಿಗೂ ಸಖ್ಯ ಬೆಳೆಯಲಿಲ್ಲ. ಕರುಳೊಳಗಣ ವಾಯುವಿಗೆ ತಾಗಿದ ತರಂಗ ಮುಂದೆ ಹೋಗದೆ ಹಿಂದಿರುಗುತ್ತದೆ. ಆದುದರಿಂದಲೇ ಬಸುರಿಯರಿಗೆ ನೀರು ಕುಡಿಸಿ, ತುಂಬಿದ ಮೂತ್ರಕೋಶದಿಂದ ಕರುಳನ್ನು ಬದಿಗೆ ತಳ್ಳಿ ಸ್ಕ್ಯಾನ್ ಮಾಡುವ ಪದ್ಧತಿ ಹುಟ್ಟಿತು. ಕರುಳು ಆಗ ಕೇವಲ ವಿಘ್ನ. ಆ ವಿಘ್ನವೇ ವಿಷಯವಾಗಬಹುದೆಂಬುದು ತಿಳಿದುಬರಲು ಕಾಲ ಹಿಡಿಯಿತು: ಉರಿಯೂತದಿಂದ ಭಿತ್ತಿ ದಪ್ಪವಾದಂತೆ ಒಳಗಿನ ಅವಕಾಶ ಕಿರಿದಾಗಿ, ವಾಯು ಕಡಿಮೆಯಾಗಿ, ರೋಗವು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. 1979ರಲ್ಲಿ 'ಗಟ್' ಪತ್ರಿಕೆಯಲ್ಲಿ ಕ್ರೋನ್ಸ್ ವ್ಯಾಧಿಯ ಇಂಥ ಚಿತ್ರಗಳು ಕಾಣಿಸಿಕೊಂಡವು.

ಆರೋಗ್ಯವಂತ ಭಿತ್ತಿ ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರದು. ಅದನ್ನು ಮೀರಿದ ದಪ್ಪ, ಪದರಗಳ ಕಲಸಾಟ, ರಕ್ತದ ಹರಿವನ್ನು ತೋರುವ ಡಾಪ್ಲರ್ ವಿಧಾನದಲ್ಲಿ ಮಿನುಗುವ ಅಧಿಕ ರಕ್ತಸಂಚಾರ, ಸುತ್ತಲಿನ ಕೊಬ್ಬಿನ ಬೆಳ್ಪು, ಇವು ವೈದ್ಯನು ಅರಸುವ ಲಕ್ಷಣಗಳು. ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಅಧ್ಯಯನದಲ್ಲಿ, ಚಿಕಿತ್ಸೆ ತೊಡಗಿದ ಮೂರು ತಿಂಗಳಲ್ಲೇ ಅನೇಕ ಕ್ರೋನ್ಸ್ ರೋಗಿಗಳ ಭಿತ್ತಿಯ ದಪ್ಪ ಇಳಿದುದು ಕಂಡುಬಂದಿತು. ಭೇದಿಯ ಔಷಧವಿಲ್ಲದೆ, ಕ್ಷಕಿರಣದ ಭಯವಿಲ್ಲದೆ ಎಷ್ಟು ಬಾರಿಯಾದರೂ ನೋಡಬಹುದಾದ ಈ ಪರೀಕ್ಷೆ, ನಳಿಕೆ ತೂರಿಸಿ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿಯನ್ನು ನಿವೃತ್ತಿಗೊಳಿಸಿಲ್ಲ; ಮಾಂಸದ ತುಣುಕು ಬೇಕಾದಾಗ, ಕ್ಷಯವೋ ಕ್ರೋನ್ಸೋ ಎಂಬ ಸಂದೇಹ ನಮ್ಮ ದೇಶದಲ್ಲಿ ಪದೇ ಪದೇ ಏಳುವಾಗ, ಅದೇ ಬೇಕು. ಶ್ರೋಣಿಯ ಆಳದಲ್ಲಿ ಅಡಗಿರುವ ಗುದನಾಳವಂತೂ ಹೊಟ್ಟೆಯ ಮೇಲಿನಿಂದ ಸುಲಭವಾಗಿ ದೊರಕದು.

ಈಗ ವೈದ್ಯನು ಹಾಸಿಗೆಯ ಮಗ್ಗುಲಲ್ಲೇ ಕುಳಿತು, ರೋಗಿ ನೋವೆಂದು ಬೆರಳಿಟ್ಟ ಜಾಗದಲ್ಲೇ ಪ್ರೋಬನ್ನು ಮೆಲ್ಲನೆ ಅದುಮುತ್ತಾನೆ. ನೆರೆಯ ಸುರುಳಿಗಳು ಅಲುಗಿ ಸರಿಯುತ್ತವೆ. ಒಂದು ಮಾತ್ರ ಕದಲದೆ, ಬಾಗದೆ, ಪರದೆಯ ಮೇಲೆ ಸೆಟೆದು ಬಿದ್ದಿರುತ್ತದೆ, ಡಾಲ್ಜಿಯೆಲ್ ಕಂಡ ಅದೇ ಹಾವುಮೀನು.