ಸ್ಪೇನಿನ ದೊರೆಯ ಕಡತದಲ್ಲಿ ನಮ್ಮ ಬಸರೂರು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸ್ಪೇನ್ ದೇಶದವರು ಕಡಲಾಚೆ ನಡೆಸಿದ ಆಳ್ವಿಕೆ ಎಂದೊಡನೆ ನಮಗೆ ನೆನಪಾಗುವುದು ಮೆಕ್ಸಿಕೋ, ಪೆರು, ಫಿಲಿಪೈನ್ಸ್. ಕನ್ನಡಿಗರಿಗೂ ಅದಕ್ಕೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಇದೆ. 1568-69ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳನ್ನು ಹಿಡಿದು ಕೋಟೆಗಳಲ್ಲಿ ನೆಲೆಯೂರಿದರು. 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನವೇ ಸ್ಪೇನಿನ ದೊರೆ ಎರಡನೆಯ ಫಿಲಿಪನ ಪಾಲಾಯಿತು. ಅಲ್ಲಿಂದ 1640ರವರೆಗೆ, ಅರವತ್ತು ವರ್ಷ ಕಾಲ, ಈ ಮೂರು ಕೋಟೆಗಳಿಗೂ ಸ್ಪೇನಿನ ದೊರೆಯೇ ಒಡೆಯ. ಅಧಿಕಾರಿಗಳು ಪೋರ್ಚುಗೀಸರೇ, ಕಾಗದಪತ್ರದ ಭಾಷೆಯೂ ಪೋರ್ಚುಗೀಸೇ. ಸಿಂಹಾಸನದ ಮೇಲಿದ್ದವನು ಮಾತ್ರ ಬೇರೆ.

ಅವರಿಗೆ ಬೇಕಾದದ್ದು ನಮ್ಮ ಅಕ್ಕಿ ಮತ್ತು ಮೆಣಸು. ಗೋವೆಯ ಜನರ ಹೊಟ್ಟೆಗೆ ಬಸರೂರು, ಮಂಗಳೂರುಗಳ ಅಕ್ಕಿ ಹಡಗಿನಲ್ಲಿ ಹೋಗುತ್ತಿತ್ತು. ಮೆಣಸು ಘಟ್ಟದಿಂದ ಇಳಿಯುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಅವರಿಟ್ಟ ಹೆಸರೇ 'ಮೆಣಸಿನ ರಾಣಿ'.

1595ರಲ್ಲಿ ಆ ಫಿಲಿಪನ ಆಜ್ಞೆಯಿಂದಲೇ ಗೋವೆಯಲ್ಲಿ ಒಂದು ದಫ್ತರಖಾನೆ ಏರ್ಪಟ್ಟಿತು. ಇತಿಹಾಸಕಾರ ದಿಯೋಗೊ ದೊ ಕೋತೊ ಅದರ ಮೊದಲ ಪಾಲಕ. ಅದರ ಕಡತಗಳು ಇಂದು ಪಣಜಿಯಲ್ಲಿವೆ. ಅವುಗಳಲ್ಲಿ 'ಮಾನ್ಸೂನ್ ಪುಸ್ತಕಗಳು' ಎಂಬ ಸಾಲೇ ಇದೆ: ದೊರೆಯ ಓಲೆಗಳು, ವೈಸರಾಯರ ಉತ್ತರಗಳು. ಹಡಗುಗಳು ಮಳೆಗಾಳಿಯನ್ನು ನೋಡಿಕೊಂಡೇ ಹೊರಡಬೇಕಾಗಿದ್ದುದರಿಂದ ಗೋವೆಯಿಂದ ಕೇಳಿದ ಮಾತಿಗೆ ಜವಾಬು ಬರುವಷ್ಟರಲ್ಲಿ ಒಂದೂವರೆ ವರ್ಷ ದಾಟುತ್ತಿತ್ತು. ಹೆಡ್ಡಾಫೀಸಿನ ಕಾಗದ ತಡವಾಯಿತೆಂದು ಗೊಣಗುವ ನಮ್ಮಂಥ ಬ್ಯಾಂಕ್ ಗುಮಾಸ್ತರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ನಾವು ಎಣಿಸಿಕೊಳ್ಳುವ 'ಪಗಾರ'ವೂ ಅವರ ಮಾತಿನಿಂದಲೇ ಬಂದದ್ದು!

ಈ ಕಡತಗಳನ್ನು ಓದಲು ಪೋರ್ಚುಗೀಸ್ ಒಂದೇ ಬಂದರೆ ಸಾಲದು. ಅವರ ಬರಹಗಾರರ ಕಿವಿಗೆ ಹೊನ್ನಾವರವು 'ಒನೋರ್', ಬಸರೂರು 'ಬಾರ್ಸೆಲೋರ್', ಕೆಳದಿಯ ವೆಂಕಟಪ್ಪ ನಾಯಕನು 'ವೆಂಟಪ ನಾಯ್ಕೆ'. ಮಂಗಳೂರಿನ ಕಡೆಯ ಬಂಗ ಅರಸನು 'ಬಂಗೆಲ್' ಆಗಿದ್ದಾನೆ. ತುಳುನಾಡಿನ ಬಂಗರನ್ನು ಅರಿಯದವನು ಇದನ್ನು ಬಂಗಾಳವೆಂದೇ ಓದಿಯಾನು. ಇದು ಸಣ್ಣ ವಿಷಯವಲ್ಲ. 1623ರಲ್ಲಿ ಗೋವೆಯ ರಾಯಭಾರಿ ಇಕ್ಕೇರಿಗೆ ಬಂದುದರಲ್ಲಿ ಈ ಬಂಗನ ರಾಜ್ಯದ ಜಗಳವೂ ಸೇರಿತ್ತು. ಜೊತೆಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅರಮನೆಯ ವೈಭವವನ್ನು ಎಣಿಸಿ ಹೋದವನಿಗೆ ಸಿಕ್ಕಿದ್ದು ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ರಾಣಿ.

1650ರ ದಶಕದಲ್ಲಿ ಶಿವಪ್ಪ ನಾಯಕನು ಮೂರು ಕೋಟೆಗಳನ್ನೂ ಕಿತ್ತುಕೊಂಡನು. ಕಳೆದುಕೊಂಡವರ ಲೆಕ್ಕ ಗೋವೆಯ ಕಡತಗಳಲ್ಲಿದೆ. ಕೆಳದಿಯವರ ಕಡೆಯ ಮಾತು ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ನಾವಿರುವ ದೆಹಲಿಯಲ್ಲಿ ದೆಹಲಿ ವಿಶ್ವವಿದ್ಯಾಲಯ, ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ ಎರಡರಲ್ಲೂ ಸ್ಪ್ಯಾನಿಷ್, ಪೋರ್ಚುಗೀಸ್ ಕಲಿಸುತ್ತಾರೆ. ನೌಕರಿಗಾಗಿ ಸ್ಪ್ಯಾನಿಷ್ ಕಲಿಯುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅದು ಬಂದವರಿಗೆ ಪೋರ್ಚುಗೀಸ್ ದೂರವೇನಲ್ಲ. ಅವರಿಗೆ ದೂರವಾಗುತ್ತಿರುವುದು ಕನ್ನಡದ ಅಕ್ಷರ. ಮನೆಯಲ್ಲಿ ಮಾತನಾಡುತ್ತಾರೆ, ಓದಲಾರರು. ಅಂಥವರು ಈ ಸಭೆಯಲ್ಲಿದ್ದರೆ ಊಟದ ಹೊತ್ತಿಗೆ ದಯವಿಟ್ಟು ನಮ್ಮನ್ನು ಕಾಣಬೇಕು. ಲಿಂಗಣ್ಣನ ಪುಸ್ತಕ ನಮ್ಮಲ್ಲಿದೆ. ಹಳೆಯ ಚಂಪೂ, ನಮಗೂ ಸುಲಭವಲ್ಲ. ಕೂಡಿ ಕುಳಿತು ಓದೋಣ.